ಇಸ್ತ್ರಿ ಮೇಜಿನ ಮೇಲೆ ಹನ್ನೊಂದು ಸಹಿ

೨೦೨೦ರಲ್ಲಿ ನಾನು ಡಬ್ಲಿನ್ನಿನ ಒಂದು ಕಾರ್ಮಿಕ ಸಂಘದಲ್ಲಿ ಸಂಘಟಕನಾಗಿದ್ದೆ. ಖಾಸಗಿ ವೃದ್ಧರ ಆರೈಕೆ ಕೇಂದ್ರಗಳ ಉಸ್ತುವಾರಿ ನನ್ನದು. ಫೆಬ್ರವರಿಯ ಚುನಾವಣೆಯಲ್ಲಿ ಎಡಪಂಥಕ್ಕೆ ಹಿಂದೆಂದೂ ಬಾರದಷ್ಟು ಮತ ಬಂದಿತ್ತು. ನಮ್ಮ ಕಚೇರಿಯಲ್ಲಿ ಪ್ರತಿಯೊಬ್ಬರೂ ಚರಿತ್ರೆ ತಮ್ಮನ್ನು ಕೇಳಿಯೇ ಮುಂದಿನ ಹೆಜ್ಜೆ ಇಡುತ್ತದೆ ಎಂಬ ಗಾಂಭೀರ್ಯದಿಂದ ಓಡಾಡುತ್ತಿದ್ದರು. ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಚರಿತ್ರೆ ಡಬ್ಲಿನ್ ಹೊರವಲಯದ ಟಾಲಾದಲ್ಲಿದ್ದ ನನ್ನ ಅಡುಗೆಮನೆಯ ಲ್ಯಾಪ್‌ಟಾಪಿಗೆ ಸ್ಥಳಾಂತರಗೊಂಡಿತು.

ಏಪ್ರಿಲ್‌ನಲ್ಲಿ ಶೋಭಾ ಫೋನ್ ಮಾಡಿದಳು. ಕುಂದಾಪುರದ ನರ್ಸ್, ಅಂಥ ಒಂದು ಕೇಂದ್ರಕ್ಕೆ ಬಂದು ಏಳು ತಿಂಗಳಾಗಿತ್ತು. ವೃದ್ಧೆಯೊಬ್ಬರ ಮಗಳು ಕೇಳಿದ್ದಕ್ಕೆ, ಒಮ್ಮೆ ತೊಟ್ಟು ಎಸೆಯಬೇಕಾದ ಗೌನುಗಳನ್ನು ಇಲ್ಲಿ ಒಗೆದು ನರ್ಸುಗಳಿಗೆ ಮತ್ತೆ ತೊಡಿಸುತ್ತಿದ್ದಾರೆ ಎಂದು ಇದ್ದದ್ದನ್ನು ಹೇಳಿಬಿಟ್ಟಿದ್ದಳು. ಮರುದಿನವೇ ಸಸ್ಪೆಂಡ್. ಆರೋಪ: ಸುಳ್ಳು ಹೇಳಿ ಭೀತಿ ಹರಡಿದ್ದು. ಮೊದಲ ವರ್ಷ ವರ್ಕ್ ಪರ್ಮಿಟ್ ಆ ಒಬ್ಬ ಮಾಲೀಕನಿಗೇ ಕಟ್ಟುಬಿದ್ದಿರುತ್ತದೆ. ಕೆಲಸ ಹೋದರೆ ದೇಶದಲ್ಲಿ ಉಳಿಯುವುದೇ ಅನುಮಾನ.

"ಸರ್, ಅದು ಸುಳ್ಳಲ್ಲ. ಅಲ್ಲಿ ಎಲ್ಲರಿಗೂ ಗೊತ್ತು."

"ಎಲ್ಲರಿಗೂ ಗೊತ್ತಿರೋದನ್ನ ಹೇಳೋಕೆ ಒಬ್ಬರಾದ್ರೂ ಬೇಕಲ್ಲಮ್ಮ."

ಉಳಿದ ನರ್ಸುಗಳು ಸಹಿ ಹಾಕಲೆಂದು, ಶೋಭಾ ಹೇಳಿದ್ದು ನಿಜ ಎಂಬ ಒಂದು ಹೇಳಿಕೆ ಬರೆದುಕೊಟ್ಟೆ. ಮೂರು ದಿನ ಕಳೆದರೂ ಹಾಳೆ ಖಾಲಿ. ವಿಚಾರಿಸಿದರೆ, ಯಾರಿಗೂ ಸಹಿ ಹಾಕಲು ಅಭ್ಯಂತರವಿರಲಿಲ್ಲ. ಅಭ್ಯಂತರವಿದ್ದದ್ದು ಹಿರಿಯರಿಗಿಂತ ಮೊದಲು ಹಾಕಲು. ನಮ್ಮ ಕನ್ನಡದವರು ಮೊದಲ ಸಹಿಯನ್ನು ಕೇರಳದ ಲಿಲ್ಲಿ ಸಿಸ್ಟರ್‌ಗೆ ಬಿಟ್ಟಿದ್ದರು. ಲಿಲ್ಲಿ ಸಿಸ್ಟರ್ ತನಗಿಂತ ಒಂದು ವರ್ಷ ಮೊದಲು ಸೇರಿದ ಫಿಲಿಪೀನ್ಸ್‌ನವಳಿಗೆ ಬಿಟ್ಟಿದ್ದರು. ಅವಳು ರಜೆಯಲ್ಲಿದ್ದಳು. ಇಷ್ಟು ಶಿಸ್ತಾಗಿ ಹೆದರುವವರನ್ನು ನಾನು ನೋಡಿರಲಿಲ್ಲ.

ಆಗ ಹುಬ್ಬಳ್ಳಿಯ ಬ್ಯಾಂಕ್ ಯೂನಿಯನ್ನಿನಲ್ಲಿ ಕಲಿತ ಉಪಾಯ ನೆನಪಾಯಿತು. ಹಾಳೆಯ ಮೇಲೆ ಊಟದ ತಟ್ಟೆ ಇಟ್ಟು ವೃತ್ತ ಎಳೆಯುವುದು, ಅದರ ಸುತ್ತ ಸಹಿ ಹಾಕುವುದು. ಮೊದಲನೆಯವರೂ ಇಲ್ಲ, ಕೊನೆಯವರೂ ಇಲ್ಲ. ಪ್ರತಿಯೊಬ್ಬರೂ ತಮ್ಮದೇ ಪೆನ್ ತರಬೇಕು, ಕೈಗೆ ಸ್ಯಾನಿಟೈಸರ್ ಹಚ್ಚಿಕೊಳ್ಳಬೇಕು ಎಂದು ಆಜ್ಞೆ ಹೊರಡಿಸಿದೆ. ಕ್ಯಾಮೆರಾ ಇಲ್ಲದ ಜಾಗವೆಂದು ಹಾಳೆಯನ್ನು ಲಾಂಡ್ರಿ ಕೋಣೆಯಲ್ಲಿ ಇಟ್ಟರು. ಎರಡೇ ದಿನದಲ್ಲಿ ಹನ್ನೊಂದು ಸಹಿ. ಐರಿಷ್ ಕಾರ್ಮಿಕ ಚಳವಳಿಗೆ ಹುಬ್ಬಳ್ಳಿಯ ಕೊಡುಗೆ ಇದು ಎಂದು ಅಂದು ಸಂಜೆ ಹೆಂಡತಿಯ ಮುಂದೆ ಒಂದು ಸಣ್ಣ ಭಾಷಣವನ್ನೂ ಮಾಡಿದೆ.

ವಿಚಾರಣೆ ಜೂಮ್‌ನಲ್ಲಿ ನಡೆಯಿತು. ಮ್ಯಾನೇಜರ್ ಹಾಳೆಯನ್ನು ಅತ್ತಿತ್ತ ತಿರುಗಿಸಿ ನೋಡಿದ. ಹೇಗೆ ಹಿಡಿದರೂ ಅರ್ಧ ಹೆಸರುಗಳು ತಲೆಕೆಳಗು.

"ಗೌನ್ ಒಗೆದಿದ್ದನ್ನ ಇವರಲ್ಲಿ ಯಾರು ಕಣ್ಣಾರೆ ನೋಡಿದ್ದಾರೆ?" ಎಂದ.

ಯಾರೂ ನೋಡಿರಲಿಲ್ಲ, ತೊಟ್ಟಿದ್ದರು ಅಷ್ಟೆ. ಪರದೆಯ ಮೇಲಿನ ತನ್ನ ಚೌಕದಲ್ಲಿ ಶೋಭಾ ತಲೆ ತಗ್ಗಿಸಿದಳು.

ಅಷ್ಟರಲ್ಲಿ ಮ್ಯಾನೇಜರನ ಬೆನ್ನ ಹಿಂದೆ ಒಂದು ಬಟ್ಟೆ ಬುಟ್ಟಿ ಕಾಣಿಸಿತು, ಅದರ ಹಿಂದೆ ಮೌರಾ. ಲಾಂಡ್ರಿಯ ಕೆಲಸದವಳು, ಅರವತ್ತು ದಾಟಿದ ಹೆಂಗಸು. ಕೆಲವು ವರ್ಷಗಳ ಹಿಂದೆ, ಸರ್ಕಾರ ನೀರಿಗೆ ಶುಲ್ಕ ಹಾಕಲು ಹೊರಟಾಗ, ಮೀಟರ್ ಕೂರಿಸಲು ಬಂದವರನ್ನು ತನ್ನ ಬೀದಿಯಲ್ಲಿ ಅಡ್ಡಗಟ್ಟಿ ನಿಂತವಳು ಎಂಬುದು ನನಗೆ ಆಮೇಲೆ ತಿಳಿಯಿತು.

"ಮೌರಾ, ಇದು ಗೌಪ್ಯ ವಿಚಾರಣೆ," ಎಂದ ಮ್ಯಾನೇಜರ್.

"ಗ್ರ್ಯಾಂಡ್, ಆಗಲಿ. ಗಾಳಿ ಬರಲಿ ಅಂತ ಬಾಗಿಲು ನೀವೇ ತೆರೆದಿಟ್ಟಿದ್ರಿ." ಬುಟ್ಟಿಯಿಂದ ಒಂದು ಗೌನ್ ಎತ್ತಿ ಹಿಡಿದಳು. "ಒಗೆದಿದ್ದು ನಾನು. ನೀವೇ ಹೇಳಿದ್ರಿ. ಇದು ನಾಲ್ಕನೇ ಸಲ." ಸ್ವಲ್ಪ ಎಳೆದಳು. ಗೌನಿನ ತೋಳು ಕಿತ್ತು ಕೈಗೆ ಬಂತು.

ಆ ಮಧ್ಯಾಹ್ನವೇ ಸಸ್ಪೆನ್ಷನ್ ರದ್ದಾಯಿತು. ಸೋಮವಾರ ಶೋಭಾ ಹೊಸ ಗೌನ್ ತೊಟ್ಟು ಡ್ಯೂಟಿಗೆ ಹೋದಳು.

ಮೌರಾಗೆ ಫೋನ್ ಮಾಡಿ ಧನ್ಯವಾದ ಹೇಳಿ, ಮೊದಲೇ ಏಕೆ ಹೇಳಲಿಲ್ಲ ಎಂದು ಕೇಳಿದೆ.

"ಹನ್ನೊಂದು ಜನ ನನ್ನ ಇಸ್ತ್ರಿ ಮೇಜಿನ ಮೇಲೇ ಸಹಿ ಹಾಕಿದ್ರು. 'ಮೌರಾ, ಸ್ವಲ್ಪ ಜರುಗಿ' ಅಂದ್ರು. ನಾನು ಜರುಗಿದೆ."

ತಪ್ಪು ಆ ನರ್ಸುಗಳದ್ದು ಮಾತ್ರ ಅಲ್ಲ. ಹೇಳಿಕೆಯ ಮೊದಲ ಸಾಲು 'ನರ್ಸುಗಳಾದ ನಾವು' ಎಂದಿತ್ತು, ಬರೆದವನು ನಾನು. ದುಡಿಯುವವರ ಒಗ್ಗಟ್ಟಿನ ಮೇಲೆ ಮೂವತ್ತು ವರ್ಷ ಭಾಷಣ ಬಿಗಿದವನು. ಅಲ್ಲಿಂದ ನಿವೃತ್ತನಾಗುವವರೆಗೆ, ಯಾವ ಸಂಸ್ಥೆಯ ಕೇಸು ಬಂದರೂ, ಬಟ್ಟೆ ಒಗೆಯುವವರು, ನೆಲ ಒರೆಸುವವರು ಎಲ್ಲಿ ಕುಳಿತು ಚಹಾ ಕುಡಿಯುತ್ತಾರೆಂದು ಕೇಳಿ ಮೊದಲು ಅಲ್ಲಿಗೆ ಹೋಗುತ್ತಿದ್ದೆ. ನಡೆದದ್ದೇನೆಂದು ಅವರಿಗೆ ಗೊತ್ತಿರುತ್ತದೆ. ಕೇಳಿದರೆ ಹೇಳುತ್ತಾರೆ.