ಯಾರಿಗೂ ಹೇಳಬಾರದ ಪುಡಿ

ಹೊನ್ನಕ್ಕನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಪಟ್ಟನಾಯಕನಹಳ್ಳಿಯಿಂದ ಮೂರು ಮೈಲಿ ಒಳಗಿರುವ ಹಟ್ಟಿಯ ಸರ್ಕಾರಿ ಶಾಲೆಯಲ್ಲಿ ಹದಿನಾಲ್ಕು ವರ್ಷದಿಂದ ಬಿಸಿಯೂಟ ಬೇಯಿಸುವವಳು ಅವಳು. ಒಮ್ಮೆ ಬೇಳೆಯಲ್ಲಿ ಹುಳು ಕಂಡಾಗ ಇಡೀ ಮೂಟೆಯನ್ನು ತಂದು ಹೆಡ್‌ಮಾಸ್ತರರ ಮೇಜಿನ ಮೇಲೆ ಸುರಿದು, "ಇದನ್ನ ನಿಮ್ಮ ಮನೇಲಿ ಬೇಯಿಸ್ಕಳಿ" ಅಂದಿದ್ದಳು. ಆಮೇಲೆ ಹುಳು ಬಿದ್ದ ಬೇಳೆ ಆ ಶಾಲೆಗೆ ಬರಲಿಲ್ಲ.

ಗಂಡ ಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಮನೆಯಲ್ಲಿ ಇದ್ದವನು ತಮ್ಮ ಓಬಳಪ್ಪ. ತಾಯಿ ಸತ್ತಾಗ ಅವನಿಗೆ ನಾಲ್ಕು, ಇವಳಿಗೆ ಹದಿನಾಲ್ಕು. ಸೊಂಟದ ಮೇಲೆ ಕೂರಿಸಿಕೊಂಡೇ ಸಾಕಿದಳು. ಈಗ ಅವನು ಎಂಬತ್ತು ಕುರಿಗಳ ಒಡೆಯ. ಊರಿಗೆಲ್ಲ ಗಂಡಸು, ಅಕ್ಕನ ಮುಂದೆ ಮಾತ್ರ ಇನ್ನೂ ನಾಲ್ಕೇ ವರ್ಷ.

ಐವತ್ತನಾಲ್ಕನೆಯ ವಯಸ್ಸಿಗೆ ಅವಳ ಎಡ ಎದೆಯಲ್ಲಿ ಗಂಟು ಕಾಣಿಸಿತು. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಮುಂದಿನದು ತುಮಕೂರಿನ ಒಂದು ಆಸ್ಪತ್ರೆಯಲ್ಲಿ: ಮೂರು ವಾರಕ್ಕೊಂದರಂತೆ ಎಂಟು ಸಲ ಕೀಮೋ. "ಎಂಟೂ ಆಗಬೇಕು. ಅರ್ಧಕ್ಕೆ ನಿಂತರೆ ಕಾಯಿಲೆ ವಾಪಸ್ ಬರೋಕೆ ನಾವೇ ಬಾಗಿಲು ತೆಗೆದಿಟ್ಟ ಹಾಗೆ" ಎಂದಿದ್ದರು ಡಾಕ್ಟರು. ಎಂಟು ಎನ್ನುವುದನ್ನು ಹೊನ್ನಕ್ಕ ಮನಸ್ಸಿನಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

ಮೊದಲನೆಯದೇ ಅವಳನ್ನು ಹಿಂಡಿ ಹಾಕಿತು. ಜೀವಮಾನವಿಡೀ ಒಗ್ಗರಣೆ ಹಾಕಿದವಳಿಗೆ ಸಾಸಿವೆ ಸಿಡಿಯುವ ವಾಸನೆಗೇ ವಾಂತಿ. ನಾಲಗೆಯ ತುಂಬ ಹುಣ್ಣು. ಆ ವಾರ್ಡಿನ ನರ್ಸ್ ವೇದಾವತಿ ಮಧುಗಿರಿಯ ಹೆಂಗಸು. ಬಿಸಿ ಅಡುಗೆ ಬೇಡ, ತಣ್ಣಗಿರೋ ಮೊಸರನ್ನ ತಿನ್ನಿ, ಉಪ್ಪು, ಅಡುಗೆ ಸೋಡ ಹಾಕಿದ ನೀರಲ್ಲಿ ಬಾಯಿ ಮುಕ್ಕಳಿಸಿ, ಶುಂಠಿ ಕುದಿಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ ಎಂದಳು.

"ಶುಂಠಿ ನೀರು ಕುಡಿ ಅಂತ ಹೇಳುಸ್ಕಳಕ್ಕೆ ತುಮಕೂರಿಗೆ ಬರ್ಬೇಕಿತ್ತಾ?" ಎಂದು ಹೊನ್ನಕ್ಕ ಸಿಡುಕಿದಳು.

"ಗೊತ್ತಿತ್ತಲ್ಲ, ಮತ್ತೆ ಯಾಕೆ ಕುಡೀಲಿಲ್ಲ?" ಎಂದಳು ವೇದಾವತಿ, ಸೂಜಿಯಿಂದ ಕಣ್ಣು ತೆಗೆಯದೆ. "ಇದ್ರಿಂದ ಕಾಯಿಲೆ ವಾಸಿಯಾಗಲ್ಲ ಕಣಮ್ಮ. ಹೊಟ್ಟೆ ತೊಳಸೋದು ಕಮ್ಮಿಯಾಗುತ್ತೆ, ಅಷ್ಟೆ. ಇದನ್ನ ಬಿಟ್ಟು ಬೇರೆ ಏನೇ ತಗೊಂಡ್ರೂ ನಂಗೆ ಹೇಳ್ಬೇಕು."

ಹೊಟ್ಟೆ ತೊಳಸುವುದು ಕಮ್ಮಿಯಾದದ್ದು ನಿಜ. ಆದರೆ ಎರಡನೆಯ ಸಲದ ನಂತರ ಕೂದಲು ಕೈಗೆ ಬಂದಾಗ, ಅಕ್ಕ ಗೋಡೆಗೆ ಮುಖ ಮಾಡಿ ಮಲಗಿದ್ದನ್ನು ಓಬಳಪ್ಪನಿಗೆ ನೋಡಲಾಗಲಿಲ್ಲ. ಅವನು ಪಾವಗಡದ ಕಡೆ ಹೋಗಿ, ತಿರುಮಣಿಯ ಆಚೆ ಬೇರುಗಳ ಔಷಧಿ ಕೊಡುತ್ತಿದ್ದ ದಾಸಯ್ಯನಿಂದ ಒಂದು ಪುಡಿಯ ಪೊಟ್ಟಣ ತಂದ. ಕೀಮೋದ ಉರಿಯನ್ನು ಈ ಪುಡಿ ತಣಿಸುತ್ತದಂತೆ. ಖಾಲಿ ಹೊಟ್ಟೆಗೆ ಒಂದು ಚಮಚ. ನಲವತ್ತೆಂಟು ದಿನ ಉಪ್ಪಿಲ್ಲ, ಹುಳಿಯಿಲ್ಲ, ಎಣ್ಣೆಯಿಲ್ಲ. ಎಲ್ಲಕ್ಕಿಂತ ದೊಡ್ಡ ಪಥ್ಯವೆಂದರೆ ಬಾಯಿಯದು. ಯಾರಿಗೂ ಹೇಳಬಾರದು, ಡಾಕ್ಟರಿಗಂತೂ ಹೇಳಲೇಬಾರದು. ಹೇಳಿದರೆ ಪುಡಿಯ ಗುಣ ಹೋಗುತ್ತದೆ.

ಈ ಮಾತು ಹೊನ್ನಕ್ಕನಿಗೆ ಹೊಸದಲ್ಲ. ಅವಳಪ್ಪ ಕುರಿಗಳ ಹೊಟ್ಟೆಯುಬ್ಬರಕ್ಕೆ ಒಂದು ಬೇರು ಕೊಡುತ್ತಿದ್ದ. ಭಾನುವಾರ ಮಾತಾಡದೆ ಹೋಗಿ ಕಿತ್ತು ತರುತ್ತಿದ್ದ, ಯಾವ ಗಿಡ ಎಂದು ಹೆಂಡತಿಗೂ ಹೇಳಲಿಲ್ಲ. ಒಂದು ದಿನ ಹೊಲದಲ್ಲಿ ಬಿದ್ದು ಸತ್ತ. ಅದೇ ವರ್ಷ ಅರ್ಧ ಮಂದೆ ಹೊಟ್ಟೆಯುಬ್ಬಿ ಸತ್ತಿತು. ಮುದುಕ ಅಷ್ಟನ್ನೂ ಹೊತ್ತುಕೊಂಡು ಹೋದನಲ್ಲ ಎಂಬ ಸಿಟ್ಟು ಅವಳಿಗೆ ಇನ್ನೂ ಆರಿರಲಿಲ್ಲ. ಆದರೂ ನಂಬಿಕೆ ಎನ್ನುವುದು ಸಿಟ್ಟಿಗಿಂತ ಹಳೆಯದು. ಅವಳು ಪುಡಿ ನುಂಗಿದಳು, ಬಾಯಿಗೆ ಬೀಗ ಹಾಕಿಕೊಂಡಳು.

ಆ ಬೀಗದ ಜೊತೆಗೆ ಚಿಲಕವನ್ನೂ ಜಡಿದವರು ಡಾಕ್ಟರು. ಮೂರನೆಯ ಸಲ ಹೋದಾಗ ಅವಳ ಮುಂದಿದ್ದ ಮುದುಕನೊಬ್ಬ, ಏನೋ ಎಲೆಯ ರಸ ಕುಡಿದೆ ಸ್ವಾಮಿ ಎಂದು ನಿಜ ಹೇಳಿದ. "ಹಾಗಾದರೆ ಆ ರಸ ಕೊಟ್ಟವನ ಹತ್ತಿರವೇ ಹೋಗಿ, ಇಲ್ಲಿಗೆ ಯಾಕೆ ಬಂದಿರಿ?" ಎಂದು ಡಾಕ್ಟರು ಎಲ್ಲರೆದುರು ಕೂಗಾಡಿದರು. ಮುದುಕ ಟವಲಿನಿಂದ ಮುಖ ಮುಚ್ಚಿಕೊಂಡ. ಹೊನ್ನಕ್ಕನ ಸರದಿ ಬಂದಾಗ ಅವಳ ಕಣ್ಣು ಹಳದಿಯಾಗಿತ್ತು. ರಕ್ತ ಪರೀಕ್ಷೆಯಲ್ಲಿ ಲಿವರ್ ಕೆಟ್ಟಿದೆ ಎಂದು ಬಂತು. ಬೇರೆ ಏನಾದರೂ ತಗೊಂಡಿರಾ ಎಂದು ಕೇಳಿದರು. ಇಲ್ಲ ಎಂದಳು. ಕೀಮೋ ಮುಂದಕ್ಕೆ ಹೋಯಿತು.

ಎರಡು ವಾರ ಬಿಟ್ಟು ನೋಡಿದರೆ ಕಾಮಾಲೆ ಇನ್ನೂ ಹೆಚ್ಚಾಗಿತ್ತು. ಉಪ್ಪಿಲ್ಲದ ಮುದ್ದೆ ತಿಂದು ತಿಂದು ಅವಳು ಕಡ್ಡಿಯಾಗಿದ್ದಳು. ವೇದಾವತಿ ಅವಳನ್ನು ಮೂಲೆಗೆ ಕರೆದು, "ನಮ್ಮ ಔಷಧೀನೇ ನಿಮಗೆ ಆಗ್ತಿಲ್ಲ ಅಂದ್ಕಂಡವ್ರೆ ಡಾಕ್ಟ್ರು. ಇಂಗೇ ಇದ್ರೆ ಕೀಮೋ ನಿಲ್ಸಿಬುಡ್ತಾರೆ" ಎಂದಳು.

ಎಂಟರಲ್ಲಿ ಆದದ್ದು ಎರಡೇ. ತಪ್ಪು ಪುಡಿಯದಿರಬಹುದೇ ಎಂದು ಹೊನ್ನಕ್ಕನಿಗೆ ಮೊದಲ ಸಲ ಅನ್ನಿಸಿತು. ಭಯವಾದರೆ ಅವಳಿಗೆ ಅಳು ಬರುವುದಿಲ್ಲ, ಕೋಪ ಬರುತ್ತದೆ. ಮರುದಿನ ಬೆಳಿಗ್ಗೆ ತಮ್ಮನಿಗೂ ಹೇಳದೆ ಪಾವಗಡದ ಬಸ್ಸು ಹತ್ತಿದಳು.

ದಾಸಯ್ಯನ ಮನೆಯ ಹಿಂದೆ ಕಣ್ಣು ಹಾಯುವವರೆಗೂ ಸೋಲಾರ್ ಪ್ಲೇಟುಗಳು. ಜಗಲಿಯ ಮೇಲೆ ಏಳೆಂಟು ಜನ ಕಾಯುತ್ತಿದ್ದರು. ಹೊನ್ನಕ್ಕ ಸಾಲು ದಾಟಿ ನೇರವಾಗಿ ಒಳಗೆ ಹೋಗಿ, ಪೊಟ್ಟಣವನ್ನು ಅವನ ಮುಂದಿಟ್ಟಳು. "ಇದ್ರಾಗೆ ಏನೈತೆ ಹೇಳು. ನಾನು ಡಾಕ್ಟ್ರಿಗೆ ಹೇಳ್ಬೇಕು."

"ಅದು ಚೆಪ್ಪಕೂಡದು ತಲ್ಲಿ," ಎಂದ ದಾಸಯ್ಯ, ತೆಲುಗು ಬೆರೆಸಿ. "ಹೇಳಿದ್ರೆ ಗುಣ ಹೋತದೆ."

"ಹೋದ್ರೆ ಹೋಗ್ಲಿ. ನಾನು ಶಾಲೇಲಿ ಅಡುಗೆ ಮಾಡೋಳು. ದಿನಾ ಮಕ್ಕಳಿಗೆ ಬಡಿಸೋಕೆ ಮುಂಚೆ ಎಲ್ರ ಎದುರಿಗೆ ನಾನು ತಿನ್ಬೇಕು, ಮೇಷ್ಟ್ರು ತಿನ್ಬೇಕು. ಆಮೇಲೇ ಮಕ್ಕಳ ತಟ್ಟೆಗೆ." ಅಲ್ಲೇ ಇದ್ದ ಲೋಟದ ನೀರಿಗೆ ಎರಡು ಚಮಚ ಪುಡಿ ಕಲಸಿ ಮುಂದೆ ಹಿಡಿದಳು. "ಕುಡಿ. ನೀನು ಕುಡಿದ್ರೆ ನಾನು ಎದ್ದು ಹೋಯ್ತೀನಿ."

ದಾಸಯ್ಯ ಕೈ ಚಾಚಲಿಲ್ಲ. ಹೊರಗಿನ ಜನ ಬಾಗಿಲಿಗೆ ಬಂದು ನಿಂತರು. ಲೋಟ ಹಿಡಿದ ಅವಳ ಕೈ ಇಳಿಯಲಿಲ್ಲ. ಕೊನೆಗೆ ಅವನೇ ತಲೆ ತಗ್ಗಿಸಿದ.

"ನಂಗೆ ತೆಲೀದಮ್ಮಾ, ಗೊತ್ತಿಲ್ಲ," ಎಂದ. "ಮುಂಚೆ ನಾನೇ ಬೇರು ತರ್ತಿದ್ದೆ. ಆ ನೆಲ ಈಗ ಪ್ಲೇಟಿನ ಕೆಳಗೈತೆ, ಬೇಲಿ ಒಳಕ್ಕೆ ಬಿಡಲ್ಲ. ಜನ ಬರಾದು ಮಾತ್ರ ನಿಲ್ಲಲಿಲ್ಲ. ಈ ಪುಡಿ ಆಂಧ್ರದ ಕಡೆಯಿಂದ ಒಬ್ಬ ಮೂಟೇಲಿ ತಂದು ಹಾಕ್ತಾನೆ. ಅವನು ನಂಗೂ ಹೇಳಿಲ್ಲ."

ಗುಟ್ಟು ಎಂದು ಅವಳು ಉಪ್ಪು ಬಿಟ್ಟಿದ್ದಳು, ಸುಳ್ಳು ಹೇಳಿದ್ದಳು, ಕೀಮೋ ಕಳೆದುಕೊಂಡಿದ್ದಳು. ಕಾಪಾಡಿಕೊಳ್ಳಲು ಗುಟ್ಟೇ ಇರಲಿಲ್ಲ. ಲೋಟದ ನೀರನ್ನು ಅವನ ಹೊಸಿಲ ಮೇಲೆ ಚೆಲ್ಲಿ, "ಕೇಳುಸ್ಕಂಡ್ರಾ? ಇವನಿಗೇ ಗೊತ್ತಿಲ್ವಂತೆ" ಎಂದು ಬಾಗಿಲಲ್ಲಿದ್ದವರಿಗೆ ಹೇಳಿ ಹೊರಟಳು. ಅವಳ ಹಿಂದೆ ಇಬ್ಬರು ಎದ್ದು ಬಂದರು. ಉಳಿದವರು ಕೂತೇ ಇದ್ದರು. ಆ ಕೂತವರನ್ನು ನೆನೆದರೆ ಅವಳ ಮೈ ಈಗಲೂ ಉರಿಯುತ್ತದೆ.

ತುಮಕೂರಿನಲ್ಲಿ ಪೊಟ್ಟಣವನ್ನು ಡಾಕ್ಟರ ಮೇಜಿಗೆ ಹಾಕಿದಳು. "ಇದನ್ನ ತಿಂದೆ. ಇಪ್ಪತ್ತೊಂಬತ್ತು ದಿನ. ನಂದು ತಪ್ಪು. ಆದ್ರೆ ಆವತ್ತು ಆ ಮುದುಕಪ್ಪನ ಮಾನ ಕಳೆದ್ರಲ್ಲ, ಅದನ್ನ ನೋಡಿ ಯಾವಳು ನಿಮಗೆ ನಿಜ ಹೇಳ್ತಾಳೆ? ಹೇಳ್ಬೇಡ ಅಂತ ಪುಡಿ ಕೊಟ್ಟೋನು ಬಾಯಲ್ಲಿ ಅಂದ, ನೀವು ಬೈದು ಅಂದ್ರಿ."

ಡಾಕ್ಟರು ಪೊಟ್ಟಣ ಬಿಚ್ಚಿ ನೋಡಿದರು. "ಹೇಳಿದ್ದು ಒಳ್ಳೆಯದಾಯಿತು" ಎಂದರು. ಅಷ್ಟೇ. ಅದಕ್ಕಿಂತ ಹೆಚ್ಚಿನದೊಂದು ಮಾತನ್ನು ಹೊನ್ನಕ್ಕ ನಿರೀಕ್ಷಿಸಿದ್ದಳು, ಅದು ಬರಲಿಲ್ಲ.

ಪುಡಿ ಬಿಟ್ಟ ಮೇಲೆ ಕಣ್ಣು ತಿಳಿಯಾಗಲು ನಾಲ್ಕು ವಾರ ಹಿಡಿಯಿತು. ಮೂರನೆಯ ಕೀಮೋ ಆರು ವಾರ ತಡವಾಗಿ ಶುರುವಾಯಿತು. ಆ ಆರು ವಾರದಲ್ಲಿ ಮೈಯೊಳಗೆ ಏನು ಬೆಳೆಯಿತು, ಏನು ಬೆಳೆಯಲಿಲ್ಲ ಎಂದು ಯಾರೂ ಹೇಳಲಾರರು.

ಓಬಳಪ್ಪ ಮಾತು ಬಿಟ್ಟ. ಹೇಳಬಾರದ್ದನ್ನು ಅಕ್ಕ ಹೇಳಿ ಪುಡಿಯ ಗುಣ ಕೆಡಿಸಿದಳು ಎಂದು ಹಟ್ಟಿಯಲ್ಲಿ ಹೇಳಿಕೊಂಡು ತಿರುಗಿದ, ಕುರಿ ಹೊಡೆದುಕೊಂಡು ದೂರ ಹೋದ. ತಿರುಗಿ ಬಂದದ್ದು ಆರನೆಯ ಕೀಮೋ ಆದ ಮೇಲೆ, ಅಕ್ಕ ನಡೆಯಲಾರದೆ ಗೋಡೆ ಹಿಡಿಯುತ್ತಿದ್ದಾಳೆ ಎಂದು ಯಾರೋ ಹೇಳಿದಾಗ. ಐದನೆಯ ಸಲದಿಂದ ಬದಲಾಗಿದ್ದ ಕೀಮೋ ಔಷಧಿಗೆ ಅವಳ ಪಾದಗಳು ಜೋಮು ಹಿಡಿದಿದ್ದವು. ಅವನೇ ವೇದಾವತಿಗೆ ಫೋನು ಮಾಡಿ ಏನು ಮಾಡಬೇಕೆಂದು ಕೇಳಿದ. ಅವಳು ಡಾಕ್ಟರನ್ನು ಕೇಳಿ, ಬೆಚ್ಚಗಿನ ಎಣ್ಣೆ ಹಚ್ಚಿ ಮೆಲ್ಲಗೆ ಸವರುವುದನ್ನು ಹೇಳಿಕೊಟ್ಟಳು. ಜೋಮು ಹೋಗುತ್ತದೆಂದು ಮಾತು ಕೊಡಲಿಲ್ಲ, ಒಂದಿಷ್ಟು ಹಾಯೆನಿಸಬಹುದು ಎಂದಳು.

ಮಧ್ಯಾಹ್ನ ಪಡಸಾಲೆಯಲ್ಲಿ ಓಬಳಪ್ಪ ಅಕ್ಕನ ಪಾದವನ್ನು ತೊಡೆಯ ಮೇಲಿಟ್ಟುಕೊಂಡ. ಎಣ್ಣೆ ಹಚ್ಚಿ ಸವರತೊಡಗಿದ.

"ಅಕ್ಕಾ, ಅಂಗಾದ್ರೆ ಆ ಪುಡಿ ತಿನ್ಸಿ ನಾನು ನಿನ್ನ ಸಾಯುಸ್ತಿದ್ನಾ?"

ಇಲ್ಲ ಕಣೋ ಎನ್ನಬಹುದಿತ್ತು. ಅಕ್ಕಂದಿರು ಹಾಗೆ ಅನ್ನುತ್ತಾರೆ. ಆದರೆ ಹೇಳದೆ ಉಳಿದದ್ದರಿಂದ ಆದ ಹಾನಿ ಅವಳಿಗೆ ಸಾಕಾಗಿತ್ತು.

"ಊಂ ಕಣ್ಲಾ," ಎಂದಳು. "ಸಾಯುಸ್ತಿದ್ದೆ. ಪ್ರೀತಿ ಇತ್ತು, ಆದ್ರೂ ಸಾಯುಸ್ತಿದ್ದೆ."

ಅವನು ತಲೆಯೆತ್ತಲಿಲ್ಲ. ಕೈ ಮಾತ್ರ ನಿಲ್ಲಿಸಲಿಲ್ಲ. ಅವನ ಕಣ್ಣೀರು ಎಣ್ಣೆಯ ಪಾದದ ಮೇಲೆ ಬೀಳುವುದು ಹೊನ್ನಕ್ಕನಿಗೆ ಕಾಣುತ್ತಿತ್ತು, ಬಿದ್ದದ್ದು ಮಾತ್ರ ತಿಳಿಯುತ್ತಿರಲಿಲ್ಲ.