ಗಿರಿಧರ ಉಜ್ಜಿದ ದೀಪ

ವಡೋದರದಲ್ಲಿ ಹಳೇ ಕಾರಿನ ಹುಚ್ಚು ಹಿಡಿದವರಿಗೆಲ್ಲ ಗಿರಿಧರನ ಹೆಸರು ಗೊತ್ತು. ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನ ಫಿಟ್ಟರೊಬ್ಬನ ಮಗ. ಅಲ್ಲೇ ಹತ್ತಿರದ ಕೊಯಾಲಿಯ ತೈಲ ರಿಫೈನರಿಯಲ್ಲಿ ಮೂವತ್ತೊಂದು ವರ್ಷ ಪೈಪು, ವಾಲ್ವುಗಳ ಜೊತೆ ಬಾಳಿ ನಿವೃತ್ತನಾದವನು. ಸುಮ್ಮನೆ ಕೂರುವ ಜೀವವಲ್ಲ. ಮನೆಯ ಹಿಂದಿನ ಕೋಣೆಯಲ್ಲಿ ಬೆಂಚು ಹಾಕಿಕೊಂಡು, ಕಾರುಗಳಿಗೆ ಬಲ್ಬು ಬರುವುದಕ್ಕೂ ಮುಂಚಿನ ಗ್ಯಾಸ್ ದೀಪಗಳನ್ನು ರಿಪೇರಿ ಮಾಡತೊಡಗಿದ.

ಆ ದೀಪದ ಮರ್ಮ ಸರಳ. ಹಿತ್ತಾಳೆ ಡಬ್ಬಿಯ ತಳದಲ್ಲಿ ಕಾರ್ಬೈಡ್ ಕಲ್ಲು, ಮೇಲಿಂದ ತೊಟ್ಟು ತೊಟ್ಟು ನೀರು. ಹುಟ್ಟಿದ ಗ್ಯಾಸು ರಬ್ಬರ್ ನಳಿಗೆಯಲ್ಲಿ ಬಂದು ದೀಪದೊಳಗೆ ಬೆಳ್ಳಗೆ ಉರಿಯುತ್ತದೆ. ಹಿಂದಿರುವ ಬೆಳ್ಳಿ ಲೇಪದ ಬಟ್ಟಲು ಆ ಬೆಳಕನ್ನು ರಸ್ತೆಗೆ ಚೆಲ್ಲುತ್ತದೆ. ಸರಳವೆಂದು ಕೈ ಹಾಕಿ ಕೆಟ್ಟವರೂ ಉಂಟು. ಒಬ್ಬ ಮಹಾಶಯ ರಬ್ಬರಿನ ಬದಲು ತಾಮ್ರದ ನಳಿಗೆ ಕೂಡಿಸಿಕೊಂಡು ಬಂದಿದ್ದ. ಈ ಗ್ಯಾಸಿಗೂ ತಾಮ್ರಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ, ಸೇರಿದರೆ ಸಿಡಿಯುವ ಪದಾರ್ಥ ಹುಟ್ಟುತ್ತದೆ. ಗಿರಿಧರ ಅದನ್ನು ಕಿತ್ತುಹಾಕಿ, ಮಹಾಶಯನಿಗೆ ಅರ್ಧ ಗಂಟೆ ಉಪದೇಶ ಮಾಡಿ ಕಳಿಸಿದ. ಉಪದೇಶವೆಂದರೆ ಅವನಿಗೆ ಪ್ರಾಣ.

ಅದರಲ್ಲಿ ದೊಡ್ಡ ಪಾಲು ಹೆಂಡತಿ ತಾರಾಳದ್ದು. ಕೋಣೆಯ ಬಾಗಿಲಿಗೆ 'ಯಾವುದಕ್ಕೂ ಕೈ ಹಚ್ಚಬಾರದು' ಎಂದು ಕನ್ನಡದಲ್ಲಿ ಬರೆದು ಅಂಟಿಸಿದ್ದ. ಗಿರಾಕಿಗಳೆಲ್ಲ ಗುಜರಾತಿಗಳು. ಅಲ್ಲೇ ಬೆಳೆದ ಮಗಳು ಅದಿತಿಗೆ ಕನ್ನಡ ಓದಲು ಬಾರದು. ಅಂದಮೇಲೆ ಆ ಚೀಟಿ ಯಾರಿಗೆಂದು ಬಿಡಿಸಿ ಹೇಳಬೇಕಿಲ್ಲ. ತಾರಾ ಓದಿಕೊಂಡಳು, ಅಂದಿನಿಂದ ಕಸ ಗುಡಿಸಲೂ ಒಳಗೆ ಹೋಗಲಿಲ್ಲ.

ಅಹಮದಾಬಾದಿನ ಬೋಡಕ್‌ದೇವ್ ಬಡಾವಣೆಯ ಮಂಥನ್ ಬಳಿ ಮುತ್ತಜ್ಜನ ಕಾಲದ, ೧೯೧೦ರ ಕಾರೊಂದಿತ್ತು. ನಡುವೆ ಯಾರೋ ಅದಕ್ಕೆ ಕರೆಂಟಿನ ದೀಪ ಹಾಕಿಸಿ ಅಂದಗೆಡಿಸಿದ್ದರು. ಮಂಥನ್ ಮೂರು ವರ್ಷ ಹುಡುಕಿ, ಆ ಕಾಲದ್ದೇ ಗ್ಯಾಸ್ ದೀಪಗಳ ಜೋಡಿ ಸಂಪಾದಿಸಿದ. ಒಳಗಿನ ಮೂಲ ಬೆಳ್ಳಿ ಹಾಗೇ ಉಳಿದಿತ್ತು, ಅದೇ ಅವುಗಳ ಹೆಚ್ಚುಗಾರಿಕೆ. ಕೂಸನ್ನು ತಂದಂತೆ ಮಡಿಲಲ್ಲಿಟ್ಟುಕೊಂಡು ತಂದ.

"ನಿಮ್ಮನ್ನು ಬಿಟ್ಟು ಇನ್ನೊಬ್ಬರ ಕೈಗೆ ಕೊಡುವುದಿಲ್ಲ ಗಿರಿಧರ್‌ಭಾಯ್. ಬೆಳ್ಳಿ ಜೋಪಾನ" ಎಂದ.

ಗಿರಿಧರ ನಕ್ಕ. ಬೆಳ್ಳಿಗೆ ಮೆತ್ತನೆ ಹತ್ತಿ ಬಿಟ್ಟು ಬೇರೇನೂ ಸೋಕಬಾರದೆಂದು ಊರಿಗೆಲ್ಲ ಹೇಳಿದವನೇ ಅವನು.

ಅಷ್ಟರಲ್ಲಿ ಆಯುಧಪೂಜೆಯ ಖಂಡೇನವಮಿ ಬಂತು. ಹುಬ್ಬಳ್ಳಿಯಲ್ಲಿ ಅಪ್ಪ ಆ ದಿನ ನಟ್ಟು ತಿರುಗಿಸುವ ಪಾನಾದಿಂದ ಹಿಡಿದು ಸೈಕಲ್ ಬೆಲ್ಲಿನವರೆಗೆ ಎಲ್ಲವನ್ನೂ ಫಳಫಳ ಹೊಳೆಯಿಸದೆ ಪೂಜೆಗೆ ಇಡುತ್ತಿರಲಿಲ್ಲ. ಮಗನಿಗೂ ಅದೇ ಪದ್ಧತಿ. ಬೆಳಗ್ಗೆ ಎದ್ದವನೇ ಅಡುಗೆಮನೆಯಿಂದ ಹುಣಸೆಹಣ್ಣು, ರಂಗೋಲಿ ಪುಡಿ ತಂದು ಒಂದು ದೀಪದ ಹೊರಮೈ ಉಜ್ಜಿದ. ಹಿತ್ತಾಳೆ ಬಂಗಾರವಾಯಿತು. ಗಾಜಿನ ಬಾಗಿಲು ತೆರೆದರೆ ಒಳಗಿನ ಬಟ್ಟಲು ಮಾತ್ರ ಕಪ್ಪಗೆ ಮುಖ ಗಂಟಿಕ್ಕಿಕೊಂಡಿತ್ತು. ಇಂಥ ಕರಿಮುಖವನ್ನು ದೇವಿಯ ಮುಂದೆ ಇಡುವುದೆ? ಮಸಿ ಇರಬೇಕು ಅಂದುಕೊಂಡ. ಬುದ್ಧಿ ಬೇಡವೆನ್ನುವ ಮುಂಚೆಯೇ ಕೈ ಹೋಗಿತ್ತು. ಗಸಗಸ ಉಜ್ಜಿ ನೀರು ಹಾಕಿದಾಗ ಬಟ್ಟಲಿನ ನಡುವೆ ಅಂಗೈಯಗಲ ಹಳದಿ ಹಿತ್ತಾಳೆ ಕಾಣುತ್ತಿತ್ತು. ನೂರು ವರ್ಷ ಉಳಿದಿದ್ದ ಬೆಳ್ಳಿ ಬಚ್ಚಲಿಗೆ ಹರಿದುಹೋಗಿತ್ತು.

ಮರುದಿನ ದಸರಾ. ಬೆಳಗ್ಗೆಯೇ ಹಬ್ಬದ ತಿಂಡಿ ಫಾಫ್ಡಾ ಜಲೇಬಿಯ ಪೊಟ್ಟಣ ಹಿಡಿದು ಮಂಥನ್ ಹೇಳದೆ ಕೇಳದೆ ಬಂದುಬಿಟ್ಟ. ಬೆಂಚಿನ ಮೇಲಿನ ದೀಪ ನೋಡಿ ಅವನ ಮುಖ ಬಿಳಿಚಿತು.

"ಇದೇನಾಯಿತು ಗಿರಿಧರ್‌ಭಾಯ್?"

ತಪ್ಪಾದರೆ ಮೊದಲು ಬಾಯಿಬಿಟ್ಟು ಹೇಳಿ ಎಂದು ಮೂವತ್ತೊಂದು ವರ್ಷ ರಿಫೈನರಿಗೆ ಬಂದ ಹೊಸಬರಿಗೆಲ್ಲ ಕಲಿಸಿದ ಬಾಯಿ ಅದು. ಅದರಿಂದ ಹೊರಟದ್ದು ಇಷ್ಟು: "ಮನೆಯವಳು. ಹಬ್ಬ ಅಲ್ಲವೆ, ತಿಳಿಯದೆ ಹುಣಸೆಹಣ್ಣು ಹಚ್ಚಿಬಿಟ್ಟಳು."

ಚಹಾದ ಟ್ರೇ ಹಿಡಿದು ತಾರಾ ಬಾಗಿಲಲ್ಲಿ ನಿಂತಿದ್ದಳು. ಹಿಂದಿ, ಗುಜರಾತಿ ಎರಡೂ ಅವಳಿಗೆ ಗಂಡನಿಗಿಂತ ಚೆನ್ನಾಗಿ ಬರುತ್ತವೆ. ಅವನ ಮುಖವನ್ನು ಒಮ್ಮೆ ನೋಡಿದಳು. ಆಮೇಲೆ ಟ್ರೇ ಕೆಳಗಿಟ್ಟು, "ಮಾಫ್ ಕರ್‌ಜೋ ಭಾಯ್, ನನಗೆ ಗೊತ್ತಾಗಲಿಲ್ಲ" ಎಂದಳು.

ಮಂಥನ್ ಒಳ್ಳೆಯವನು, ಅದೇ ದೊಡ್ಡ ಕಷ್ಟ. ಕ್ಷಣ ಕಣ್ಣು ಮುಚ್ಚಿಕೊಂಡು ನುಂಗಿಕೊಂಡ; "ಇರಲಿ ತಾರಾಬೆನ್, ನಮ್ಮಮ್ಮನೂ ಇಂಥ ಎಷ್ಟೋ ಕೆಲಸ ಮಾಡಿದ್ದಾರೆ" ಎಂದು ಅವಳನ್ನೇ ಸಮಾಧಾನಪಡಿಸಿ ಹೋದ. ಬೈದಿದ್ದರೆ ಗಿರಿಧರ ನಿಜ ಹೇಳುತ್ತಿದ್ದನೋ ಏನೋ. ಹಾಗಂತ ಅವನೇ ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡ, ನಂಬಲಿಲ್ಲ.

ಸಂಜೆ ತಾರಾ ಎಂದಿನಂತೆ ಬನ್ನಿ ಎಲೆ ಅವನ ಕೈಗಿಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ" ಎಂದು ಕಾಲು ಮುಟ್ಟಿದಳು. ಅವನಿಗೆ ನೆಲ ಬಾಯಿಬಿಡಬಾರದೆ ಅನ್ನಿಸಿತು.

"ತಾರಾ, ಮುಂಜಾನೆ ನಾ…"

"ಊಟಕ್ಕ ಏಳ್ರಿ. ಹೋಳಿಗಿ ಆರ್ತಾವ."

ಜಗಳವಾಡಿದ್ದರೆ ಬದುಕಿಕೊಳ್ಳುತ್ತಿದ್ದ. ಅವಳು ಆಡಲಿಲ್ಲ. ಆ ಮಾತನ್ನೇ ಎತ್ತಲಿಲ್ಲ.

ಕೆಟ್ಟ ಬಟ್ಟಲಿಗೆ ಹೊಸ ಬೆಳ್ಳಿ ಹಾಕಿಸಿದ್ದಾಯಿತು. ಗಿರಿಧರ ದೀಪಗಳನ್ನು ಕಾರಿನ ಮುಂದಿನ ಕವಲು ಕಂಬಿಗಳಿಗೆ ಕೂರಿಸಿ, ನಳಿಗೆ ಜೋಡಿಸಿ, ಸೋಪಿನ ನೀರು ಸವರಿ ಸೋರಿಕೆ ಪರೀಕ್ಷಿಸಿದ. ಕೆಲಸ ಕೂದಲೆಳೆಯಷ್ಟೂ ತಪ್ಪಲಿಲ್ಲ. ಆದರೆ ಜೋಡಿಯಲ್ಲಿ ಒಂದು ಮುತ್ತಜ್ಜನಂತೆ ಮಾಸಲು, ಇನ್ನೊಂದು ಮದುವಣಿಗನಂತೆ ಮಿರಿಮಿರಿ. ಹೋದ ಬೆಳ್ಳಿ ಹೋದದ್ದೇ.

ಜನವರಿಯಲ್ಲಿ ಅಹಮದಾಬಾದಿನಲ್ಲಿ ಹಳೇ ಕಾರುಗಳ ಮೇಳ. ಬೆನ್ ಬರಲೇಬೇಕೆಂದು ಮಂಥನ್ ಹಟ ಹಿಡಿದದ್ದರಿಂದ ತಾರಾ ಕೂಡ ಹೋದಳು. ಸೂರ್ಯ ಮುಳುಗುವ ಹೊತ್ತಿಗೆ ಗಿರಿಧರ ನೀರಿನ ತಿರುಪು ಸಡಿಲಿಸಿ ಕಡ್ಡಿ ಗೀರಿದ. ಎರಡೂ ದೀಪ ಹತ್ತಿಕೊಂಡವು, ಜನ ಆಹಾ ಎಂದರು. ತೀರ್ಪುಗಾರರೊಬ್ಬರು ಬಗ್ಗಿ ನೋಡಿ, ಒಂದು ಬಟ್ಟಲು ಯಾಕೆ ಹೊಸದು ಎಂದು ಕೇಳಿದರು.

ಮಂಥನ್ ಗಟ್ಟಿಯಾಗಿ ನಕ್ಕ. "ಇಲ್ಲಿದ್ದಾರಲ್ಲ, ನಮ್ಮ ತಾರಾಬೆನ್! ಹುಣಸೆಹಣ್ಣು ಹಾಕಿ ನನ್ನ ಬೆಳ್ಳಿಯನ್ನು ಸಾರು ಮಾಡಿದವರು!"

ಸುತ್ತ ನಿಂತವರೆಲ್ಲ ನಕ್ಕರು. ಈ ಕತೆ ಮೂರು ತಿಂಗಳಿಂದ ಊರೂರು ತಿರುಗಿ ಬಂದಿತ್ತೆಂದು ಆ ನಗುವಿನಿಂದಲೇ ಗೊತ್ತಾಗುತ್ತಿತ್ತು. ತಾರಾ ಸೆರಗು ಹೊದ್ದುಕೊಂಡು ನೆಲ ನೋಡುತ್ತ ತಾನೂ ಸಣ್ಣಗೆ ನಕ್ಕಳು. ಆ ನಗು ನೋಡಿ ಗಿರಿಧರನಿಗೆ ತಡೆಯಲಾಗಲಿಲ್ಲ.

"ಅವಳಲ್ಲ. ಉಜ್ಜಿದವನು ನಾನು. ಆ ದಿನ ಸುಳ್ಳು ಹೇಳಿದೆ" ಎಂದ.

ಮಂಥನ್ ಬಂದು ಅವನ ಹೆಗಲು ತಬ್ಬಿಕೊಂಡ. "ನೋಡಿದಿರಾ! ಹೆಂಡತಿಗೆ ಅವಮಾನವಾಗಬಾರದೆಂದು ತಪ್ಪನ್ನು ತನ್ನ ತಲೆಗೆ ಕಟ್ಟಿಕೊಳ್ಳುತ್ತಿದ್ದಾರೆ. ಇಂಥ ಗಂಡ ಎಲ್ಲಿ ಸಿಗುತ್ತಾನೆ?"

ಚಪ್ಪಾಳೆ ಬಿತ್ತು. "ಇಲ್ಲ, ನಿಜವಾಗಿಯೂ ನಾನೇ" ಎಂದರೆ ಇನ್ನೂ ಜೋರಾಗಿ ಬಿತ್ತು. ತೀರ್ಪುಗಾರರು ಕೈ ಕುಲುಕಿದರು. ಗಿರಿಧರ ನಾಚಿಕೆಯಿಂದ ಬೆವತುಹೋದ. ಕೊನೆಗೆ ಹೆಂಡತಿಯ ಕಡೆ ತಿರುಗಿದ.

"ನೀನರ ಹೇಳ ತಾರಾ."

ತಾರಾ ತಲೆಯೆತ್ತಿ, ಕನ್ನಡದಲ್ಲಿ, ಮೆಲ್ಲಗೆ ಹೇಳಿದಳು: "ನಾ ಏನ್ ಹೇಳ್ಲಿ? ಅವತ್ತ ನಿಮ್ಮ ತಪ್ಪ ಹೊರಾಕ ನಾ ಬೇಕಾದೆ. ಇವತ್ತ ನಿಮಗ ದೊಡ್ಡಸ್ತನ ಬರಾಕೂ ನಾನ ಬೇಕಾದೆ."

"ಬೆನ್ ಏನಂದರು?" ಮಂಥನ್ ನಗುತ್ತಲೇ ಕೇಳಿದ. ಅಲ್ಲಿ ಕನ್ನಡ ಬಲ್ಲವರು ಅವರಿಬ್ಬರೇ. ಏನು ಹೇಳಿದರೂ ನಡೆಯುತ್ತಿತ್ತು.

ಗಿರಿಧರ ಕೈಯಲ್ಲಿದ್ದ ಕಡ್ಡಿಪೆಟ್ಟಿಗೆ ಜೇಬಿಗೆ ಹಾಕಿಕೊಂಡ. ಅವಳ ಮಾತನ್ನು ಒಂದಕ್ಷರ ಬಿಡದೆ, ಎಲ್ಲರಿಗೂ ಕೇಳುವ ಹಾಗೆ ಹಿಂದಿಯಲ್ಲಿ ಹೇಳಿದ.

ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ.