ತೋರಣಕ್ಕೊಂದು, ಹೋಳಿಗೆಗೆರಡು

ಎಂಟನೇ ಕ್ಲಾಸಿನ ನಮ್ಮ ಕನ್ನಡ ಮೇಷ್ಟ್ರು ಹಬ್ಬದ ಪ್ರಬಂಧಕ್ಕೆ ಅಂಕ ಹಾಕುತ್ತಿದ್ದ ರೀತಿ ಇಡೀ ಕೃಷ್ಣರಾಜಪುರಕ್ಕೇ ಗೊತ್ತಿತ್ತು. ತೋರಣಕ್ಕೆ ಒಂದು, ಎಣ್ಣೆಸ್ನಾನಕ್ಕೆ ಒಂದು, ಹೊಸ ಬಟ್ಟೆಗೆ ಒಂದು, ಹೋಳಿಗೆಗೆ ಎರಡು. ಪೀಠಿಕೆ, ಉಪಸಂಹಾರಕ್ಕೆ ಅಡಿಗೆರೆ ಎಳೆದರೆ ಎರಡು, ಕೈಬರಹ ದುಂಡಗಿದ್ದರೆ ಇನ್ನೊಂದು. ನಾನು ಪ್ರತಿ ಸಲ ಹತ್ತಕ್ಕೆ ಎಂಟು ತೆಗೆಯುತ್ತಿದ್ದೆ, ನಮ್ಮ ಬಾಡಿಗೆ ಕೋಣೆಯ ಬಾಗಿಲಿಗೆ ಯಾವತ್ತೂ ಇಲ್ಲದ ತೋರಣ ಕಟ್ಟಿ.

ಆ ಸಲ ಸುಳ್ಳು ಸಾಕಾಗಿ ಎಳ್ಳಮಾವಾಸ್ಯೆ ಬರೆದೆ. ನಮ್ಮೂರು ಕಲಬುರಗಿ ಕಡೆ ಅವತ್ತು ಎಲ್ಲರೂ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ, ಅಂದರೆ ಮಾಡಿದ ಅಡುಗೆಯನ್ನು ಮೊದಲು ಭೂಮಿಗೆ ಎರಚಿ ಆಮೇಲೆ ತಾವು ಉಣ್ಣುತ್ತಾರೆ. ಇಲ್ಲಿ ನಮಗೆ ಹೊಲವೆಲ್ಲಿ? ಗೌಂಡಿ ಕೆಲಸದ ಅಪ್ಪ ರೈಲ್ವೆ ಸ್ಟೇಷನ್ನಿನ ಹಿಂದಿನ ಖಾಲಿ ಸೈಟಿನಲ್ಲಿ, ಕಳೆಗಿಡಗಳ ನಡುವೆ ಚರಗ ಚೆಲ್ಲುತ್ತಿದ್ದ. ಅದನ್ನೇ ಬರೆದೆ, ಅವ್ವನ ಸಜ್ಜೆ ರೊಟ್ಟಿ, ಸೊಪ್ಪು ಕಾಳು ಬೇಯಿಸಿದ ಭಜ್ಜಿ ಸಮೇತ.

ಮೂರು ಬಂತು. ಅಡಿಗೆರೆಗೆರಡು, ಕೈಬರಹಕ್ಕೊಂದು.

"ಅಮಾವಾಸ್ಯೆ ಎಲ್ಲಾದ್ರೂ ಹಬ್ಬ ಆಗುತ್ತೇನಮ್ಮ? ನಾಳೆ ಯುಗಾದಿ ಬರ್ಕೊಂಡ್ ಬಾ, ಎಂಟು ಕೊಡ್ತೀನಿ," ಅಂದರು ಮೇಷ್ಟ್ರು.

"ದೀಪಾವಳಿನೂ ಅಮಾವಾಸ್ಯೆಗೇ ಅಲ್ವಾ ಸಾರ್," ಅಂದೆ.

ಕ್ಲಾಸು ನಕ್ಕಿತು. ಮೇಷ್ಟ್ರು ಮುಖ ಗಂಟು ಹಾಕಿಕೊಂಡರು. "ಬರಿಯಲ್ಲ ಅಂದ್ರೆ ನಿಮ್ಮಪ್ಪನ ಸಹಿ ಹಾಕಿಸ್ಕೊಂಡ್ ಬಾ."

ಎಂಟು ಬಂದಿದ್ದರೆ ಆ ಸಲ ಕ್ಲಾಸಿಗೆ ಮೊದಲು ನಾನೇ. ಆಸೆ ಇರಲಿಲ್ಲ ಅಂದರೆ ಅದೂ ಸುಳ್ಳೇ. ಆದರೂ ಬರೆಯಲಿಲ್ಲ. ಬರೆದಿದ್ದರೆ ಆ ಸೈಟಿನಲ್ಲಿ ನಿಂತಿದ್ದ ಅಪ್ಪನನ್ನು ನಾನೇ ಅಳಿಸಿದ ಹಾಗಾಗುತ್ತಿತ್ತು.

ಸಂಜೆ ಪುಸ್ತಕ ಮುಂದಿಟ್ಟೆ. ಸಹಿಯೊಂದು ಬಿಟ್ಟರೆ ಅಪ್ಪನಿಗೆ ಓದು ಬರಹ ಬಾರದು, ಆದರೆ ಕೆಂಪು ಶಾಯಿ ಅಂದರೇನು ಅಂತ ಗೊತ್ತಿತ್ತು.

"ಏನ್ ಬರ್ದಿದಿ, ಓದವ್ವಾ," ಅಂದ.

ಓದಿದೆ. ಬೆರಳಿಗೆ ಅಂಟಿದ್ದ ಸಿಮೆಂಟು ಕೆರೆಯುತ್ತಾ ಕೊನೆಯವರೆಗೂ ಕೇಳಿದ.

"ಭಜ್ಜಿಗೆ ಹುಣಸಿಹಣ್ಣು ಹಾಕೋದು ಬಿಟ್ಟಿದಿ. ಅದಕ್ಕೊಂದು ಕಡೀಲಿ. ಉಳ್ದಿದ್ದೆಲ್ಲಾ ಖರೇನೇ ಅದ."

ಇಷ್ಟು ಹೇಳಿ ಸಹಿ ಹಾಕಿದ. ಆ ಸಹಿಯ ಪಕ್ಕ ನಾನು ನೀಲಿ ಪೆನ್ನಿನಲ್ಲಿ ಹತ್ತಕ್ಕೆ ಒಂಬತ್ತು ಎಂದು ಬರೆದು ಮರುದಿನ ಮೇಷ್ಟ್ರ ಮೇಜಿನ ಮೇಲಿಟ್ಟೆ. ಅಳಿಸು ಅಂದರು. ಅಳಿಸಲಿಲ್ಲ. ಆ ವಾರವೆಲ್ಲ ಕನ್ನಡ ಪಾಠವನ್ನು ಕ್ಲಾಸಿನ ಬಾಗಿಲ ಹೊರಗೆ ನಿಂತೇ ಕೇಳಿದೆ. ಆ ಬಾಗಿಲಿಗೂ ತೋರಣವಿರಲಿಲ್ಲ.